ಮಾಳಿಗೆ ಮನೆಗೆ ಬಂಬು ಕೂಡಿಸುವ ಮುನ್ನ: ಹೊಗೆ ಪೈಪ್ ಎಲ್ಲಿಂದ ಒಯ್ಯಬೇಕು, ಏನು ಸುತ್ತಬೇಕು

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಹಳೇ ಮಾಳಿಗೆ ಮನೆಗಳಲ್ಲಿ (ತೊಲೆ-ಜಂತಿಯ ಮೇಲೆ ಮಣ್ಣು ಹಾಕಿದ ಛತ್ತಿನ ಮನೆ) ಬಚ್ಚಲಿಗೆ ಬಂಬು, ಅಂದರೆ ಕಟ್ಟಿಗೆ ಉರಿಸಿ ನೀರು ಕಾಯಿಸುವ ಬಾಯ್ಲರ್, ತರುವಾಗ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಲೀಟರಿನದು, ತಾಮ್ರದ್ದೋ ಸ್ಟೀಲಿನದೋ. ಹೊಗೆ ಪೈಪ್ ಎಲ್ಲಿಂದ ಹೋಗಬೇಕು ಎಂಬುದನ್ನು ಕೊನೆಯಲ್ಲಿ ಗೌಂಡಿ ನಿಂತಲ್ಲೇ ತೀರ್ಮಾನ ಮಾಡುತ್ತಾನೆ. ಛತ್ತಿನ ಎರಡು ಜಂತಿಗಳ (ಅಡ್ಡ ಮರಗಳ) ನಡುವೆ ತೂತು ಹೊಡೆದು, ಪೈಪ್ ಏರಿಸಿ, ಸುತ್ತಲೂ ಮಣ್ಣು ಮೆತ್ತಿಬಿಟ್ಟರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ. ಮನೆಗೆ ಬೆಂಕಿ ಬೀಳುವ ದಾರಿಯೂ ಅಲ್ಲಿಯೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತೊಲೆ-ಜಂತಿಯ ಮನೆಯಲ್ಲಿ ಹೊಗೆ ಪೈಪ್ ಗೋಡೆ ತೂರಿ ಹೋಗಬೇಕು, ಮಾಳಿಗೆ ತೂರಿ ಹೋಗಬಾರದು. ಪೈಪಿಗೆ ಏನು ಸುತ್ತಿದ್ದೀರಿ ಎನ್ನುವುದು ಆಮೇಲಿನ ಮಾತು. ಕಟ್ಟಿಗೆಯಿಂದ ಎಷ್ಟು ದೂರ ಇಟ್ಟಿದ್ದೀರಿ ಎನ್ನುವುದು ಮೊದಲಿನ ಮಾತು. ಚಪ್ಪಡಿ ಕಲ್ಲಿನ ಮನೆ, ಆರ್‌ಸಿಸಿ ಮನೆಯವರಿಗೆ ಈ ಚಿಂತೆ ಅರ್ಧಕ್ಕರ್ಧ ಕಡಿಮೆ. ಆದರೆ ಅವರೂ ಪೈಪಿನ ಪಕ್ಕ ಹತ್ತಿ ಅಂಡಿಗೆ (ಹತ್ತಿ ತುಂಬಿದ ದೊಡ್ಡ ಚೀಲ) ಒಟ್ಟುತ್ತಾರೆ, ಅದರ ಮೇಲೆ ಮೇವು ಹೇರುತ್ತಾರೆ. ಆದ್ದರಿಂದ ಅವರಿಗೂ ಇಲ್ಲಿ ಓದುವುದಿದೆ.

ಯಾವ ಪೈಪ್ ಎಷ್ಟು ಬಿಸಿ

ಬಿಸಿ ಪೈಪ್ ಎಂದರೆ ಎಲ್ಲವೂ ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ತಪ್ಪು ಆಗುತ್ತದೆ. ಸೋಲಾರಿನಿಂದಲೋ ಗೀಸರಿನಿಂದಲೋ ಇಳಿಯುವ ನೀರಿನ ಪೈಪ್ 60ರಿಂದ 80 ಡಿಗ್ರಿ ಇರುತ್ತದೆ. ಕೈ ಸುಡುತ್ತದೆ, ಕಟ್ಟಿಗೆ ಹತ್ತಿಕೊಳ್ಳುವುದಿಲ್ಲ. ರೈಸ್ ಮಿಲ್ಲಿನ ಹಬೆ ಪೈಪ್ ಬೇರೆ ಲೆಕ್ಕ: ಬಾಯ್ಲರ್ ಒತ್ತಡ ಚದರ ಸೆಂ.ಮೀ.ಗೆ 7 ಕೆಜಿ ಇದ್ದರೆ ಹಬೆ ಸುಮಾರು 170 ಡಿಗ್ರಿ, 10 ಕೆಜಿ ಇದ್ದರೆ ಸುಮಾರು 184. ಬಂಬಿನ ಹೊಗೆ ಪೈಪಿಗೆ ಇಂಥ ಮಿತಿಯೇ ಇಲ್ಲ. ಒಣಗಿದ ಬಳ್ಳಾರಿ ಜಾಲಿ ತುಂಬಿ ಗಾಳಿ ಬಿಟ್ಟರೆ ಹೊಗೆಯ ಕಾವು ಕೆಲವು ನೂರು ಡಿಗ್ರಿಗೆ ಏರುತ್ತದೆ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಹಾಕಿದರೆ ಭಗ್ಗನೆ ಉರಿದು ಜ್ವಾಲೆಯೇ ಪೈಪಿನೊಳಗೆ ಏರುತ್ತದೆ. ಹಸಿ ಕಟ್ಟಿಗೆ ಹಾಕಿ ಹೊಗೆಯಾಡಿಸಿದರೆ ಕಾವು ಕಡಿಮೆ, ಅಪಾಯ ಇನ್ನೊಂದು ಬಗೆಯದು: ಪೈಪಿನ ಒಳಗೋಡೆಗೆ ಟಾರಿನಂಥ ಕರಿ ಅಂಟು ಕೂಡುತ್ತದೆ. ಮುಂದೆ ಎಂದಾದರೂ ಜೋರಾಗಿ ಉರಿ ಹಾಕಿದ ದಿನ ಆ ಅಂಟಿಗೇ ಬೆಂಕಿ ಹತ್ತಿದರೆ ಪೈಪಿನೊಳಗಿನ ಕಾವು 1000 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ತೆಳು ತಗಡಿನ ಪೈಪ್ ಕೆಂಪಗೆ ಕಾಯುತ್ತದೆ.

ಕಟ್ಟಿಗೆ ಹತ್ತಿಕೊಳ್ಳಲು 250ರಿಂದ 300 ಡಿಗ್ರಿ ಬೇಕು ಎಂದು ಲೆಕ್ಕ ಹೇಳುತ್ತಾರೆ. ಅದು ಹೊಸ ಕಟ್ಟಿಗೆಯ ಲೆಕ್ಕ. ದಿನಾ ಬೆಳಿಗ್ಗೆ ಒಂದೆರಡು ತಾಸು ಕಾಯುತ್ತಾ, ವರ್ಷಗಟ್ಟಲೆ ಒಣಗುತ್ತಾ ಬಂದ ಜಂತಿಯ ಮೈ ನಿಧಾನವಾಗಿ ಇದ್ದಿಲಾಗುತ್ತದೆ. ಇದ್ದಿಲಾದ ಕಟ್ಟಿಗೆಗೆ ಅಷ್ಟು ಕಾವು ಬೇಕಿಲ್ಲ. ಅದಕ್ಕಿಂತ ಎಷ್ಟೋ ಕಡಿಮೆ ಕಾವಿನಲ್ಲಿ ಒಳಗೊಳಗೇ ಕನಲಲು ಶುರುವಾಗುತ್ತದೆ. "ನಮ್ಮಪ್ಪನ ಕಾಲದಾಗಿಂದ ಹಿಂಗಾ ಐತ್ರೀ, ಏನೂ ಆಗಿಲ್ಲ" ಎನ್ನುವ ಮಾತು ಇದಕ್ಕೇ ನನಗೆ ಧೈರ್ಯ ಕೊಡುವುದಿಲ್ಲ. ಇಷ್ಟು ವರ್ಷ ಏನೂ ಆಗಿಲ್ಲ ಎಂದರೆ ಇಷ್ಟು ವರ್ಷ ಆ ಜಂತಿ ಕಾದಿದೆ ಎಂದೂ ಅರ್ಥ.

ಮಾಳಿಗೆ ತೂರಿಸುವುದೋ, ಗೋಡೆ ತೂರಿಸುವುದೋ

ಮಾಳಿಗೆ ತೂರಿಸುವವರ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಪೈಪ್ ನೆಟ್ಟಗೆ ಏರುತ್ತದೆ, ಎಲ್ಲೂ ಬಾಗುವುದಿಲ್ಲ, ಹೊಗೆ ಚೆನ್ನಾಗಿ ಎಳೆಯುತ್ತದೆ. ಪೈಪಿನ ಬಹುಪಾಲು ಮನೆಯೊಳಗೇ ಬೆಚ್ಚಗಿರುವುದರಿಂದ ಅಂಟು ಕಡಿಮೆ ಕೂಡುತ್ತದೆ. ಖರ್ಚೂ ಕಡಿಮೆ. ಇದೆಲ್ಲಾ ನಿಜ.

ಈಗ ಅಳತೆ ನೋಡಿ. ಒಂಟಿ ಪದರದ ಲೋಹದ ಹೊಗೆ ಪೈಪ್ ಸುಡುವ ವಸ್ತುವಿನಿಂದ 18 ಇಂಚು ದೂರ ಇರಬೇಕು ಎಂದು ಅಮೆರಿಕದ ನಿಯಮ ಹೇಳುತ್ತದೆ. ಬ್ರಿಟನ್ನಿನ ನಿಯಮದಲ್ಲಿ ಪೈಪಿನ ಅಗಲದ ಮೂರು ಪಟ್ಟು. 4 ಇಂಚಿನ ಪೈಪಿಗೆ 12 ಇಂಚು. ನಮ್ಮ ಮಾಳಿಗೆಯಲ್ಲಿ ಎರಡು ಜಂತಿಗಳ ನಡುವೆ ಒಂದಡಿ ಜಾಗವಿದೆ ಎಂದು ಇಟ್ಟುಕೊಳ್ಳಿ. 4 ಇಂಚಿನ ಪೈಪ್ ಸರಿಯಾಗಿ ಮಧ್ಯದಲ್ಲಿ ಕೂತರೂ ಎರಡೂ ಕಡೆ ಉಳಿಯುವುದು ನಾಲ್ಕು ನಾಲ್ಕೇ ಇಂಚು. ಅದೂ ಜಂತಿಯ ಲೆಕ್ಕ ಮಾತ್ರ. ಜಂತಿಯ ಮೇಲಿನ ಹಲಗೆ, ಅದರ ಮೇಲೆ ಹರಡಿದ ಕಡ್ಡಿ, ಸೊಪ್ಪು ಇವೆಲ್ಲ ಪೈಪಿಗೆ ತಾಗಿಕೊಂಡೇ ಇರುತ್ತವೆ. ಇಂಥ ಒಂಟಿ ಪದರದ ಪೈಪನ್ನು ಛತ್ತಿನ ಮೂಲಕ ತೂರಿಸುವುದನ್ನೇ ಅಮೆರಿಕದ ನಿಯಮ ಒಪ್ಪುವುದಿಲ್ಲ.

"ಮಣ್ಣು ಮೆತ್ತೇವಲ್ರೀ, ಮಣ್ಣಿಗೆ ಎಲ್ಲಿ ಬೆಂಕಿ ಹತ್ತತೈತಿ" ಎಂದು ಗೌಂಡಿ ಹೇಳುತ್ತಾನೆ. ಮಣ್ಣು ಸುಡುವುದಿಲ್ಲ, ಸರಿ. ಆದರೆ ಕಾವನ್ನು ಸಾಗಿಸುತ್ತದೆ. ದಿನಾ ಕಾದ ಮಣ್ಣು ತನ್ನ ಹಿಂದಿನ ಕಟ್ಟಿಗೆಗೆ ಆ ಕಾವನ್ನು ದಾಟಿಸುತ್ತಲೇ ಇರುತ್ತದೆ, ಗಾಳಿ ಆಡದ್ದರಿಂದ ಅಲ್ಲಿ ಆರುವುದೂ ತಡ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಹಿಂದಿನ ಕಟ್ಟಿಗೆ ಕಪ್ಪಾಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಪೈಪ್ ಮತ್ತು ಕಟ್ಟಿಗೆಯ ನಡುವೆ ಬೇಕಾದದ್ದು ಗಾಳಿ ಆಡುವ ಖಾಲಿ ಜಾಗ, ತುಂಬಿದ ಜಾಗವಲ್ಲ.

ಗೋಡೆಯ ದಾರಿ ಹಿಡಿದರೆ ಈ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ. ನಮ್ಮ ಕಡೆಯ ಕಲ್ಲಿನ ಗೋಡೆ, ಮಣ್ಣಿನ ಗೋಡೆ ಎರಡೂ ದಪ್ಪ, ಒಳಗೆ ಕಟ್ಟಿಗೆ ಕಡಿಮೆ. ಕಡಿಮೆ ಎಂದೆ, ಇಲ್ಲ ಎನ್ನಲಿಲ್ಲ: ಬಾಗಿಲು, ಕಿಟಕಿ, ಗೂಡುಗಳ ಮೇಲೆ ಅಡ್ಡ ಹಲಗೆ ಇರುತ್ತದೆ, ತೊಲೆಯ ತುದಿ ಗೋಡೆಯೊಳಗೆ ಕೂತಿರುತ್ತದೆ. ತೂತು ಹೊಡೆಯುವ ಮುನ್ನ ಅವು ಎಲ್ಲಿವೆ ಎಂದು ಒಳಗಿಂದಲೂ ಹೊರಗಿಂದಲೂ ಅಳೆದು ಗುರುತು ಹಾಕಿಕೊಳ್ಳಿ. ತೂತು ಛತ್ತಿನಿಂದ ಕನಿಷ್ಠ 18 ಇಂಚು ಕೆಳಗಿರಲಿ. ಬಂಬಿನಿಂದ ಗೋಡೆಯ ಕಡೆಗೆ ಅಡ್ಡ ಹೋಗುವ ಪೈಪ್ ಚಿಕ್ಕದಾದಷ್ಟೂ ಒಳ್ಳೆಯದು, ಅಡಿಗೆ ಕಾಲು ಇಂಚಾದರೂ ಮೇಲಕ್ಕೆ ಏರಿಕೊಂಡು ಹೋಗಲಿ. ಬಾಗುಗಳು ಎರಡಕ್ಕಿಂತ ಹೆಚ್ಚಾದರೆ ಹೊಗೆ ತಿರುಗಿ ಬಚ್ಚಲಿಗೇ ಬರುತ್ತದೆ.

ಗೋಡೆಯ ಹೊರಗೆ ಬಂದ ಮೇಲೆ ಎಲ್ಬೋ ಬದಲು ಟೀ (T ಆಕಾರದ ಕೂಡು) ಹಾಕಿಸಿ, ಕೆಳಗಿನ ಬಾಯಿಗೆ ಮುಚ್ಚಳ ಇರಲಿ. ಮಸಿ ತೆಗೆಯಲು ಅದೊಂದೇ ಸುಲಭ ದಾರಿ. ಅಲ್ಲಿಂದ ಪೈಪ್ ನೆಟ್ಟಗೆ ಮೇಲೇರಿ ಮಾಳಿಗೆಗಿಂತ ಮೂರು ಅಡಿ ಎತ್ತರ ಹೋಗಲಿ. ಸುತ್ತ ಹತ್ತು ಅಡಿಯೊಳಗೆ ಏನೇ ಇದ್ದರೂ ಅದಕ್ಕಿಂತ ಎರಡು ಅಡಿ ಮೇಲಿರಬೇಕು. ಗೋಡೆಯಿಂದ ಹೊರಚಾಚಿದ ಜಂತಿ ತುದಿಗಳ ಪಕ್ಕದಲ್ಲಿ ಪೈಪ್ ಏರುವುದಾದರೆ ಕಬ್ಬಿಣದ ಕ್ಲಾಂಪ್ ಉದ್ದ ಮಾಡಿಸಿ ಪೈಪನ್ನು ದೂರ ನಿಲ್ಲಿಸಬೇಕು. ಗೋಡೆ ತೂರಿಸಿದವರು ಮೋಸ ಹೋಗುವ ಜಾಗ ಇದೇ: ಒಳಗಿನ ಕಟ್ಟಿಗೆ ಉಳಿಸಿ ಹೊರಗಿನ ಕಟ್ಟಿಗೆಗೆ ಪೈಪ್ ಒರಗಿಸಿರುತ್ತಾರೆ.

ಮಾಳಿಗೆ ಮೇಲೆ ಜೋಳದ ಕಣಿಕೆ, ಹತ್ತಿ ಕಟ್ಟಿಗೆ ಒಟ್ಟುವ ರೂಢಿ ಇದ್ದರೆ ಪೈಪ್ ಯಾವ ದಾರಿಯಲ್ಲಿ ಹೋದರೂ ಕಿಡಿಯ ಭಯ ಇದ್ದೇ ಇದೆ. ಪೈಪಿನ ತುದಿಗೆ ಅರ್ಧ ಇಂಚು ಕಣ್ಣಿನ ಜಾಲರಿ ಹಾಕಿಸಿ. ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಹಾಕಿದರೆ ಮಸಿ ಕಟ್ಟಿ ಹೊಗೆ ನಿಲ್ಲುತ್ತದೆ. ಬಣವಿ ಮಾತ್ರ ದಯವಿಟ್ಟು ಪೈಪ್ ಇರುವ ಮಾಳಿಗೆಯ ಮೇಲೂ ಬೇಡ, ಗಾಳಿ ಬೀಸುವ ಕಡೆಗೂ ಬೇಡ.

ಗೋಡೆ ಪಕ್ಕದ ಮನೆಯವರದು, ಮೂರೂ ಕಡೆ ಜಾಗವಿಲ್ಲ, ಮಾಳಿಗೆ ಬಿಟ್ಟರೆ ದಾರಿಯೇ ಇಲ್ಲ ಎನ್ನುವವರೂ ಇದ್ದಾರೆ. ಅಂಥವರು ಒಳಗೆ ಸ್ಟೀಲ್, ನಡುವೆ ಕಾವು ತಡೆಯುವ ಉಣ್ಣೆ (ಕುರಿಯದಲ್ಲ, ರಾಕ್ ವೂಲ್‌ನಂಥದ್ದು), ಹೊರಗೆ ಸ್ಟೀಲ್ ಇರುವ ಎರಡು ಪದರದ ರೆಡಿಮೇಡ್ ಚಿಮಣಿ ತರಿಸಬೇಕು. ಅಂಥದ್ದಕ್ಕೆ ಸಾಮಾನ್ಯವಾಗಿ ಎರಡು ಇಂಚು ಖಾಲಿ ಜಾಗ ಸಾಕಾಗುತ್ತದೆ. ತಯಾರಿಸಿದವರು ಎಷ್ಟು ಬರೆದಿದ್ದಾರೋ ಅದೇ ಲೆಕ್ಕ. ಬೆಲೆ ಬಂಬಿಗಿಂತ ಹೆಚ್ಚಾದೀತು. ಅಷ್ಟು ಖರ್ಚು ಬೇಡ ಎಂದರೆ ಬಂಬೇ ಬೇಡ ಎನ್ನುವುದು ನನ್ನ ಸಲಹೆ.

ಪೈಪ್ ಯಾವುದರದ್ದು

ಇದರಲ್ಲಿ ಹೆಚ್ಚು ಯೋಚಿಸುವುದೇನೂ ಇಲ್ಲ. ಎರಡು ಮಿ.ಮೀ. ದಪ್ಪದ ಕಬ್ಬಿಣ ಒಳ್ಳೆಯದು, 304 ದರ್ಜೆಯ ಸ್ಟೀಲ್ ಇನ್ನೂ ಒಳ್ಳೆಯದು. ತೆಳು ಜಿಐ (ಸತು ಲೇಪಿಸಿದ) ತಗಡಿನ ಪೈಪ್ ಅಗ್ಗ, ಆದರೆ ಅದರ ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ, ಆಮೇಲೆ ತುಕ್ಕು ಹಿಡಿದು ತೂತು ಬೀಳುತ್ತದೆ. ಸಿಮೆಂಟ್ ಪೈಪ್ ಬಹಳ ಮನೆಗಳಲ್ಲಿದೆ. ಕಾದಾಗ ಬಿರಿಯುತ್ತದೆ, ಎಷ್ಟೋ ಪೈಪುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಪಿವಿಸಿಯನ್ನು ಕೊನೆಯ ತುಂಡಿಗೂ ಹಾಕಬೇಡಿ. 80 ಡಿಗ್ರಿಗೇ ಮೆತ್ತಗಾಗುತ್ತದೆ, ಸುಟ್ಟರೆ ಗಂಟಲು ಉರಿಸುವ ವಿಷದ ಹೊಗೆ.

ಜೋಡಿಸುವಾಗ ಪ್ರತಿ ಕೂಡಿಗೆ ಮೂರು ಸ್ಕ್ರೂ ಹಾಕಿಸಿ. ಮೇಲಿನ ತುಂಡಿನ ಕಿರಿದು ಮಾಡಿದ ಬಾಯಿ ಕೆಳಗಿನ ತುಂಡಿನ ಒಳಗೆ ಇಳಿಯಬೇಕು. ಹಾಗಾದರೆ ಒಳಗೆ ಇಳಿಯುವ ಅಂಟು ಒಳಗೇ ಉಳಿಯುತ್ತದೆ. ವೆಲ್ಡಿಂಗ್ ಅಂಗಡಿಯವರು ಎಷ್ಟೋ ಸಲ ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಮೇಲಿನ ತುಂಡು ಕೆಳಗಿನದನ್ನು ಹೊರಗಿಂದ ಮುಚ್ಚುವಂತೆ ಕೂಡಿಸುತ್ತಾರೆ. ಆಗ ಪ್ರತಿ ಕೂಡಿನಲ್ಲೂ ಕರಿ ಸೋರಿಕೆ.

ಸುತ್ತುವುದೋ, ಮರೆ ಕಟ್ಟುವುದೋ

18 ಇಂಚು ಸಿಗುವುದಿಲ್ಲ, ಹತ್ತು ಇಂಚು ಇದೆ. ಏನು ಮಾಡಬೇಕು? ಹೆಚ್ಚಿನವರು ಪೈಪಿಗೆ ಏನಾದರೂ ಸುತ್ತುತ್ತಾರೆ. ನಾನಾದರೆ ಕಟ್ಟಿಗೆಗೆ ಮರೆ ಕಟ್ಟುತ್ತೇನೆ.

ಮರೆ ಎಂದರೆ ಒಂದು ಕಬ್ಬಿಣದ ತಗಡು, 24 ಗೇಜಿನದು ಸಾಕು. ಅದನ್ನು ಕಟ್ಟಿಗೆಗೆ ಅಂಟಿಸಿ ಹೊಡೆಯಬಾರದು. ಒಂದು ಇಂಚು ಉದ್ದದ ಪಿಂಗಾಣಿ ಅಥವಾ ಕಬ್ಬಿಣದ ಗುಬ್ಬಿ (ಅಂತರ ಕೊಡುವ ತುಂಡು) ನಡುವೆ ಇಟ್ಟು, ತಗಡಿನ ಹಿಂದೆ ಒಂದು ಇಂಚು ಗಾಳಿ ಆಡುವಂತೆ, ಮೇಲೂ ಕೆಳಗೂ ತೆರೆದಿರುವಂತೆ ನಿಲ್ಲಿಸಬೇಕು. ಪೈಪಿನ ನೇರಕ್ಕೆ ಬರುವ ಕಡೆ ಗುಬ್ಬಿ ಬೇಡ, ಅಂಚುಗಳಿಗೆ ಇರಲಿ. ತಗಡು ಕಾದಾಗ ಹಿಂದಿನ ಗಾಳಿ ಮೇಲೇರುತ್ತದೆ, ಕೆಳಗಿಂದ ತಣ್ಣನೆಯ ಗಾಳಿ ಬರುತ್ತದೆ. ಕಟ್ಟಿಗೆಗೆ ಕಾವು ತಟ್ಟುವ ಮುನ್ನವೇ ಹೋಗಿಬಿಡುತ್ತದೆ. ಇಂಥ ಮರೆ ಇದ್ದರೆ ಗೋಡೆ ಬದಿಯ 18 ಇಂಚನ್ನು 6 ಇಂಚಿಗೆ ಇಳಿಸಬಹುದು, ಛತ್ತಿನ ಬದಿಯಲ್ಲಿ 9ಕ್ಕೆ ಎಂದು ಅಮೆರಿಕದ ನಿಯಮ ಒಪ್ಪುತ್ತದೆ. ಬ್ರಿಟನ್ನಿನ ಲೆಕ್ಕದಲ್ಲೂ ಮರೆ ಇದ್ದರೆ ಪೈಪಿನ ಅಗಲದ ಒಂದೂವರೆ ಪಟ್ಟು, 4 ಇಂಚಿನ ಪೈಪಿಗೆ ಅದೇ 6 ಇಂಚು. ಬೇರೆ ಬೇರೆ ದಾರಿಯಲ್ಲಿ ಹೋದ ಎರಡು ದೇಶದ ನಿಯಮ ಒಂದೇ ಅಂಕಿಗೆ ಬಂದು ನಿಂತಿವೆ ಎಂದರೆ ನನಗೆ ಅದರ ಮೇಲೆ ನಂಬಿಕೆ. ಖರ್ಚು ಒಂದು ತಗಡು, ನಾಲ್ಕು ಬೋಲ್ಟು.

ಸುತ್ತುವುದರಲ್ಲಿ ಏನು ತೊಂದರೆ? ಒಂಟಿ ಪದರದ ಹೊಗೆ ಪೈಪಿಗೆ ಉಣ್ಣೆ ಸುತ್ತಿದರೆ ಒಳಗಿನ ಲೋಹ ಇನ್ನೂ ಹೆಚ್ಚು ಕಾಯುತ್ತದೆ, ತುಕ್ಕು ಹಿಡಿದು ತೂತು ಬಿದ್ದರೂ ಕಾಣುವುದಿಲ್ಲ. ಸುತ್ತಿದ ಧೈರ್ಯದ ಮೇಲೆ ಪೈಪನ್ನು ಜಂತಿಗೆ ತಾಗಿಸಿಯೇ ಇಡುತ್ತಾರೆ. ಆದ್ದರಿಂದ ದೂರದ ಬದಲಿಗೆ ಸುತ್ತುವುದು ಸಲ್ಲ. ಆದರೆ ಗೋಡೆಯ ಹೊರಗೆ ಏರುವ ಭಾಗಕ್ಕೆ ಸುತ್ತುವುದು ಒಳ್ಳೆಯ ಕೆಲಸ. ಚಳಿಗಾಲದ ಬೆಳಗಿನ ಜಾವ ಹೊರಗಿನ ಪೈಪ್ ತಣ್ಣಗಿದ್ದರೆ ಹೊಗೆ ಅಲ್ಲೇ ಅಂಟಾಗಿ ಕೂಡುತ್ತದೆ. ಬೆಚ್ಚಗಿಟ್ಟರೆ ಸರಾಗ ಮೇಲೇರುತ್ತದೆ. ಮಕ್ಕಳ ಕೈಗೆಟಕುವ ಎತ್ತರದಲ್ಲಿ ಸುಟ್ಟ ಗಾಯವೂ ತಪ್ಪುತ್ತದೆ.

ಸುತ್ತಲು ಏನು? ರಾಕ್ ವೂಲ್ ನನ್ನ ಮೊದಲ ಆಯ್ಕೆ. ಕಲ್ಲು ಕರಗಿಸಿ ಎಳೆ ತೆಗೆದ ಉಣ್ಣೆ ಅದು, 650ರಿಂದ 750 ಡಿಗ್ರಿವರೆಗೆ ಕೆಲಸ ಮಾಡುತ್ತದೆ. ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿದರೆ ಮಳೆಗೂ ಇಲಿಗೂ ಚಿಂತೆ ಇಲ್ಲ. ರೈಸ್ ಮಿಲ್ಲಿಗೆ ಸಾಮಾನು ಕೊಡುವ ಅಂಗಡಿಗಳಲ್ಲಿ ವಿಚಾರಿಸಿ, ಗಂಗಾವತಿ, ಸಿಂಧನೂರು ಕಡೆಯವರಿಗೆ ದೂರವಲ್ಲ. ಗ್ಲಾಸ್ ವೂಲ್ ಅಗ್ಗ, ಹಗುರ. ಆದರೆ ಅದರ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಹೆಚ್ಚು ಕಾವಿಗೆ ಸುಟ್ಟುಹೋಗುತ್ತದೆ. ತಯಾರಿಯ ಮೇಲೆ 230ರಿಂದ 450 ಡಿಗ್ರಿವರೆಗೆ ಅದರ ಮಿತಿ. ಹಬೆ ಪೈಪಿಗೆ ಸಾಕು, ಹೊಗೆ ಪೈಪಿಗೆ ಬೇಡ. ಸೆರಾಮಿಕ್ ಹೊದಿಕೆ 1260 ಡಿಗ್ರಿಯ ದರ್ಜೆಯದು ಸಿಗುತ್ತದೆ, ಮನೆಗೆ ಅಷ್ಟು ಬೇಕಿಲ್ಲ. ಯಾವ ಉಣ್ಣೆಯೇ ಆಗಲಿ, ಕತ್ತರಿಸುವಾಗ ಮೂಗಿಗೆ ಮಾಸ್ಕ್, ಕೈಗೆ ಗವಸು, ತುಂಬು ತೋಳಿನ ಅಂಗಿ ಇರಲಿ.

ಕಲ್ನಾರು ಹಗ್ಗ ಈಗಲೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಕಾವು ತಡೆಯುವುದರಲ್ಲಿ ಅದು ಗಟ್ಟಿ. ಆದರೆ ಅದರ ಧೂಳು ಶ್ವಾಸಕೋಶದಲ್ಲಿ ಕೂತು ಹತ್ತಾರು ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು. ಬೆಂಕಿಯಿಂದ ಉಳಿಸಿಕೊಂಡ ಮನೆಯಲ್ಲಿ ಅದನ್ನು ಇಟ್ಟುಕೊಳ್ಳಬಾರದು. ಈಗಾಗಲೇ ಸುತ್ತಿದ್ದರೆ ಒಣಗಿದ್ದಾಗ ಕಿತ್ತು ಝಾಡಿಸಬೇಡಿ, ಚೆನ್ನಾಗಿ ನೀರು ಹೊಡೆದು ತೋಯಿಸಿದ ಮೇಲೆಯೇ ತೆಗೆಯಿಸಿ. ಸೋಲಾರ್ ಪೈಪಿಗೆ ಹಾಕುವ ಕರಿ ಸ್ಪಂಜಿನ ಕೊಳವೆಯೂ ಹೊಗೆ ಪೈಪಿಗೆ ಬೇಡ. ಅದು ಇರುವುದು ನೀರಿನ ಬಿಸಿ ಉಳಿಸಲು. ನೂರು ಡಿಗ್ರಿಯ ಆಚೆಗೆ ಅದಕ್ಕೆ ತಾಳಿಕೆ ಇಲ್ಲ, ತಾನೇ ಉರಿಯುತ್ತದೆ.

ಮಿಲ್ಲಿನವರಿಗೆ ಒಂದು ಮಾತು ಸೇರಿಸುತ್ತೇನೆ. ಹಬೆ ಪೈಪ್ ಬರಿಮೈಲಿದ್ದರೆ ಮೇಲೆ ಹೊಟ್ಟಿನ ಧೂಳು, ತವುಡು ಕೂತು ದಪ್ಪವಾಗುತ್ತದೆ, ಒಳಗಿನ ಕಾವು ಹೊರಹೋಗದೆ ಆ ಧೂಳೇ ಕನಲುತ್ತದೆ. ಗೋಣಿಚೀಲ ಒಣಹಾಕಲು ಅದೇ ಪೈಪ್ ಬಳಸುವುದನ್ನು ಎಷ್ಟೋ ಕಡೆ ಕಾಣಬಹುದು, ಅದು ಕೂಡಲೇ ನಿಲ್ಲಬೇಕು. ಇನ್ನು ಸುತ್ತಿದ ಉಣ್ಣೆಗೆ ಎಣ್ಣೆ ಸೋರಿ ನೆನೆದಿದ್ದರೆ ಆ ಭಾಗವನ್ನು ಅದೇ ದಿನ ಕಿತ್ತು ಹೊಸದು ಹಾಕಿ. ಎಣ್ಣೆ ಕುಡಿದ ಉಣ್ಣೆ ಬಿಸಿ ಪೈಪಿನ ಮೇಲೆ ಹೊರಗಿನ ಕಿಡಿ ಇಲ್ಲದೆಯೂ ಹತ್ತಿಕೊಳ್ಳುತ್ತದೆ.

ಬಂಬನ್ನೇ ಬಿಟ್ಟರೆ

ನಮ್ಮ ಬಿಸಿಲಿಗೆ ಸೋಲಾರ್ ಬಿಟ್ಟರೆ ಉತ್ತಮ ಬೇರೊಂದಿಲ್ಲ. ಬೆಂಕಿಯ ಮಾತೇ ಇಲ್ಲ. ಅಡ್ಡಿಯೆಂದರೆ ಭಾರ: 100 ಲೀಟರ್ ನೀರೇ 100 ಕೆಜಿ, ಟ್ಯಾಂಕು ಚೌಕಟ್ಟು ಬೇರೆ. ಹಳೇ ಮಣ್ಣಿನ ಮಾಳಿಗೆಯ ನಡುವೆ ಇಡದೆ ಗೋಡೆಯ ಮೇಲೆ ಭಾರ ಬೀಳುವಂತೆ ಕೂಡಿಸಬೇಕು, ಅಥವಾ ಅಂಗಳದಲ್ಲಿ ಸ್ಟ್ಯಾಂಡ್ ಹಾಕಬೇಕು.

ಕರೆಂಟಿನ ಗೀಸರ್ ತಂದರೆ ಬಿಸಿ ಪೈಪ್ ಹೋಗಿ ಬಿಸಿ ವೈರ್ ಬರುವ ಸಾಧ್ಯತೆ ಇದೆ. 2000 ವ್ಯಾಟಿನದು ಸುಮಾರು 9 ಆಂಪಿಯರ್ ಎಳೆಯುತ್ತದೆ. ಜಂತಿಗುಂಟ ಮರದ ಪಟ್ಟಿಯ ಮೇಲೆ ಹಾದ ಹಳೇ ವೈರಿಂಗಿಗೆ ಅದನ್ನು ಸಿಕ್ಕಿಸಿದರೆ ಬೆಂಕಿ ಮತ್ತೆ ಅದೇ ಜಂತಿಯ ಹತ್ತಿರಕ್ಕೆ ಬಂದ ಹಾಗೆ. ಮೀಟರ್ ಬೋರ್ಡಿನಿಂದ ಬೇರೆಯೇ ವೈರ್, 16 ಆಂಪಿಯರ್ ಸಾಕೆಟ್, ಎಂಸಿಬಿ, ಅರ್ಥಿಂಗ್ ಬೇಕೇ ಬೇಕು. ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಇಡಬಾರದು. ಕಿಟಕಿ ಇಲ್ಲದ ನಮ್ಮ ಬಚ್ಚಲುಗಳಲ್ಲಿ ಅದರ ವಿಷಗಾಳಿಗೆ ಮನುಷ್ಯ ಸದ್ದಿಲ್ಲದೆ ಬೀಳುತ್ತಾನೆ.

ಹಂಡೆ ಒಲೆಯೇ ಇದ್ದವರು, ಅದು ಅಂಗಳದಲ್ಲಿ ಬಯಲಿಗೆ ಇದ್ದರೆ, ಹಾಗೇ ಇರಲಿ. ಪೈಪೇ ಇಲ್ಲದ ಮೇಲೆ ಪೈಪಿನ ಭಯವಿಲ್ಲ. ಹೊಗೆ ಕಣ್ಣಿಗೆ ಕೆಟ್ಟದ್ದು, ಆದರೆ ತೊಲೆಗೆ ತಾಗುವುದಿಲ್ಲ. ಒಲೆಯ ಬಾಯಿಂದ ಕುಳ್ಳಿನ ಒಟ್ಟಿಲು ದೂರ ಇದ್ದರೆ ಸಾಕು.

ಈಗಾಗಲೇ ಮಾಳಿಗೆ ತೂರಿಸಿದ್ದರೆ

ನೀರು ತುಂಬುವ ಹಬ್ಬಕ್ಕೆ ಹೇಗೂ ಬಚ್ಚಲು ತೊಳೆಯುತ್ತೀರಿ, ಹಂಡೆ ಬೆಳಗುತ್ತೀರಿ. ಅದೇ ದಿನ ಬಂಬು ಆರಿರುವಾಗ ಏಣಿ ಹಾಕಿ ಪೈಪಿನ ಸುತ್ತಲಿನ ಕಟ್ಟಿಗೆಯನ್ನು ಟಾರ್ಚ್ ಹಿಡಿದು ನೋಡಿ. ಕಪ್ಪಾಗಿದ್ದ ಮಾತ್ರಕ್ಕೆ ಗಾಬರಿಯಾಗಬೇಡಿ. ನಮ್ಮ ಛತ್ತೆಲ್ಲ ಹೊಗೆಯಿಂದ ಕಪ್ಪೇ. ಒದ್ದೆ ಅರಿವೆಯಿಂದ ಉಜ್ಜಿ. ಮಸಿಯಾದರೆ ಬಟ್ಟೆಗೆ ಬರುತ್ತದೆ, ಕೆಳಗೆ ಕಟ್ಟಿಗೆಯ ಬಣ್ಣ ಕಾಣುತ್ತದೆ. ಎಷ್ಟು ಉಜ್ಜಿದರೂ ಕಪ್ಪು ಹೋಗದೆ, ಮೈಯೆಲ್ಲ ಮೊಸಳೆ ಚರ್ಮದಂತೆ ಚೌಕ ಚೌಕ ಬಿರಿದಿದ್ದರೆ, ಮೊಳೆಯ ತುದಿ ಒತ್ತಿದಾಗ ಪುಡಿಯಾಗಿ ಒಳಗಿಳಿದರೆ, ಅದು ಇದ್ದಿಲು. ಆ ಬಂಬಿಗೆ ಮತ್ತೆ ಉರಿ ಹಾಕಬೇಡಿ. ಮೊದಲು ಬಡಿಗೇರನನ್ನು ಕರೆಸಿ.

ಇದ್ದಿಲು ಕಾಣದಿದ್ದರೆ ಇನ್ನೊಂದು ಪರೀಕ್ಷೆ. ಎಂದಿನಂತೆ ನೀರು ಕಾಯಿಸಿ, ಉರಿ ಜೋರಿದ್ದಾಗ ಪೈಪಿಗೆ ಹತ್ತಿರದ ಜಂತಿಯ ಮೇಲೆ ಅಂಗೈ ಇಡಿ. ಐದು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ಕಟ್ಟಿಗೆಯ ಮೈ 60 ಡಿಗ್ರಿ ಮುಟ್ಟಿದೆ ಎಂದು ತಿಳಿಯಿರಿ. ಹೊರಮೈಯೇ ಅಷ್ಟು ಕಾದರೆ ಮಣ್ಣಿನ ಮರೆಯಲ್ಲಿ ಪೈಪಿಗೆ ಹತ್ತಿರವಿರುವ ಭಾಗ ಇನ್ನೂ ಹೆಚ್ಚು ಕಾದಿರುತ್ತದೆ.

ಈ ವರ್ಷವೇ ಗೋಡೆ ಒಡೆಸಲು ಆಗದವರು ತೂತಿನ ಸುತ್ತ ಮೆತ್ತಿದ ಮಣ್ಣು, ಕಡ್ಡಿ, ಸೊಪ್ಪನ್ನು ಕೈ ಹೋಗುವಷ್ಟು ದೂರ ಬಿಡಿಸಿ ಗಾಳಿ ಆಡುವಂತೆ ಮಾಡಿ. ಮೇಲಿಂದ ಮಳೆಗೆ ತಗಡಿನ ಟೊಪ್ಪಿಗೆ ಹಾಕಿ, ಎರಡೂ ಜಂತಿಗೆ ಒಂದು ಇಂಚು ಬಿಟ್ಟು ತಗಡಿನ ಮರೆ ನಿಲ್ಲಿಸಿ. ಪೈಪನ್ನು ಎರಡು ತಿಂಗಳಿಗೊಮ್ಮೆ ತಂತಿ ಬ್ರಷ್ ಹಾಕಿ ಕೆರೆಯಿರಿ. ಹಸಿ ಜಾಲಿ ಉರಿಸುವವರು ತಿಂಗಳಿಗೊಮ್ಮೆ. ಮಣ್ಣು ಉದುರಬಾರದೆಂದು ಛತ್ತಿನ ಕೆಳಗೆ ಕಟ್ಟಿದ ತಾಡಪತ್ರಿ, ಹಳೇ ಸೀರೆ, ಥರ್ಮಾಕೋಲ್ ಹಲಗೆ ಬಚ್ಚಲ ಭಾಗದಲ್ಲಿದ್ದರೆ ಇವತ್ತೇ ಬಿಚ್ಚಿ. ಹತ್ತಿ ಬಿಡಿಸುವ ಕಾಲ ಮತ್ತು ಚಳಿಗೆ ಎರಡು ಹೊತ್ತು ಬಂಬು ಉರಿಸುವ ಕಾಲ ಒಂದೇ ಆದ್ದರಿಂದ, ಅಂಡಿಗೆಗಳನ್ನು ಪೈಪ್ ಹಾಯುವ ಕೋಣೆಯಲ್ಲಿ ಒಟ್ಟದೆ ಪಡಸಾಲೆಯ ಇನ್ನೊಂದು ಮಗ್ಗುಲಿಗೆ ಇಡಿಸಿ.